ಅವ್ವನ ದೀಪ, ಅಪ್ಪನ ಬ್ಯಾಟರಿ

ನಮ್ಮ ಡ್ಯಾಮಿನ ಹಿನ್ನೀರಿಗೆ ಸೇತುವೆ ಕಟ್ಟುವುದಕ್ಕೆ ಮುಂಚಿನ ದಿನಗಳು ಅವು. ಗುಂಡ್ಲುಪೇಟೆಯಿಂದ ಬರುತ್ತಿದ್ದ ಬಸ್ಸು ನಮ್ಮೂರಿನ ಅರಳಿಮರದ ಹತ್ತಿರ ತಿರುಗಿಕೊಂಡು ವಾಪಸ್ಸು ಹೋಗುತ್ತಿತ್ತು. ಅಲ್ಲಿಂದಾಚೆಗೆ ನೀರು, ನೀರಿನಾಚೆಗೆ ಮೂವತ್ತು ಮನೆಗಳ ಒಂದು ಪುಟ್ಟ ಊರು, ನಮ್ಮ ಕಡೆಯ ಮಾತಿನಲ್ಲಿ ಹುಂಡಿ, ಹುಂಡಿಯ ಬೆನ್ನಿಗೇ ಕಾಡು. ಆ ಊರಿಗೆ ಸರ್ಕಾರದ ಕಾಗದದಲ್ಲಿ ಒಂದು ಒಳ್ಳೆಯ ಹೆಸರಿತ್ತು. ನಾವು ಮಾತ್ರ ಆಚೆಹುಂಡಿ ಎನ್ನುತ್ತಿದ್ದೆವು.

ಬೇಸಿಗೆಯಲ್ಲಿ ನೀರು ತಗ್ಗಿದಾಗ ಆಚೆಹುಂಡಿಯವರು ಕೆಸರು ತುಳಿದುಕೊಂಡು ನಡೆದೇ ಬರುತ್ತಿದ್ದರು. ಹಿಂಗಾರು ಮಳೆ ಹಿಡಿದು ಹಿನ್ನೀರು ತುಂಬಿತೆಂದರೆ ಸಂಕ್ರಾಂತಿ ಕಳೆಯುವ ತನಕ ದೋಣಿಯೇ ಗತಿ. ಕಾಡು ಬಳಸಿ ಬರುವ ದಾರಿ ಇತ್ತು, ಅರ್ಧ ದಿನದ ನಡಿಗೆ, ಆನೆ ಓಡಾಡುವ ಜಾಗ. ಪಂಚಾಯ್ತಿಯವರು ಒಂದು ತಗಡಿನ ದೋಣಿಗೆ ಡೀಸೆಲ್ ಎಂಜಿನ್ ಕೂರಿಸಿ ಬಿಟ್ಟಿದ್ದರು. ಅದನ್ನು ನಡೆಸುತ್ತಿದ್ದವನು ನಮ್ಮಪ್ಪ. ಎಲ್ಲರೂ ಅವನನ್ನು ದೋಣಿ ಮಾದಪ್ಪ ಅಂತಲೇ ಕರೆಯುತ್ತಿದ್ದರು.

ಆ ಎಂಜಿನ್ನಿಗೆ ಕೈಯಲ್ಲಿ ತಿರುಗಿಸಿ ಸ್ಟಾರ್ಟ್ ಮಾಡುವ ಹ್ಯಾಂಡಲ್ ಕೂಡ ಇತ್ತಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅದು ನೀರಿನ ತಳ ಸೇರಿ ಎಷ್ಟೋ ಕಾಲವಾಗಿತ್ತು. ಹೊಸದು ಕೊಡಿಸಿ ಎಂದು ಅಪ್ಪ ಕೇಳಿದಾಗಲೆಲ್ಲ ‘ಆಯ್ತು ಕಣ ಮಾದಪ್ಪ, ನೋಡನ’ ಎಂಬ ಉತ್ತರ ಬರುತ್ತಿತ್ತು. ಹಾಗಾಗಿ ಎಂಜಿನ್ ಏಳಬೇಕಾದರೆ ಬ್ಯಾಟರಿ ಸರಿಯಾಗಿರಬೇಕು, ಬೇರೆ ದಾರಿಯೇ ಇರಲಿಲ್ಲ. ಅದನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ನನಗೆ ಆಗ ಹತ್ತು ವರ್ಷ.

ನಾನೇ ಹಟ ಮಾಡಿ ಪಡೆದ ಕೆಲಸ ಅದು. ಭಾನುವಾರ ಬೆಳಿಗ್ಗೆ ಅಪ್ಪ ಬ್ಯಾಟರಿಯನ್ನು ದೋಣಿಯಿಂದ ಬಿಚ್ಚಿ ತಂದು ಜಗುಲಿಯ ಮೇಲೆ ಹಲಗೆಯ ಮೇಲಿಡುತ್ತಿದ್ದ. ತಂತಿ ಕಚ್ಚುವ ಎರಡು ಮೊಳೆಗಳ ಸುತ್ತ ಬಿಳಿ ಹಸಿರು ಉಪ್ಪು ಕಟ್ಟಿರುತ್ತಿತ್ತು. ಬಿಸಿನೀರಿಗೆ ಸೋಡಾಪುಡಿ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಅದು ಬುಸುಬುಸು ನೊರೆಯಾಗಿ ಹೋಗುತ್ತಿತ್ತು. ಒರೆಸಿ, ಒಣಗಿಸಿ, ಮೇಲೆ ತೆಳ್ಳಗೆ ವ್ಯಾಸಲೀನು ಸವರಬೇಕು. ಆಮೇಲೆ ಆರು ಮುಚ್ಚಳ ಬಿಚ್ಚಿ, ಒಳಗಿನ ಪ್ಲೇಟುಗಳು ಮುಳುಗಿವೆಯೋ ಇಲ್ಲವೋ ಬಗ್ಗಿ ನೋಡಿ, ಕಡಿಮೆಯಿದ್ದ ಕಡೆ ಬಾಟಲಿಯ ಬ್ಯಾಟರಿ ನೀರು ಬಿಡಬೇಕು. ಕೊನೆಗೆ ನನಗೆ ಬಹಳ ಇಷ್ಟವಾದದ್ದು ಗಾಜಿನ ಕೊಳವೆ. ಅದರ ಮೂತಿಯನ್ನು ತೂತಿಗಿಟ್ಟು ತಲೆಯ ರಬ್ಬರ್ ಬುಗ್ಗೆ ಅದುಮಿ ಬಿಟ್ಟರೆ ಆಸಿಡ್ ಮೇಲೆ ಬಂದು ಒಳಗಿದ್ದ ಸಣ್ಣ ಕಡ್ಡಿ ತೇಲುತ್ತಿತ್ತು. ಕಡ್ಡಿಯಲ್ಲಿ ಮೂರು ಬಣ್ಣ. ಹಸಿರಿನವರೆಗೆ ತೇಲಿದರೆ ಚಾರ್ಜ್ ಇದೆ, ಬಿಳಿಗೆ ನಿಂತರೆ ಅರ್ಧ, ಕೆಂಪಿಗೆ ಇಳಿದರೆ ಗುಂಡ್ಲುಪೇಟೆಯ ಚಾರ್ಜಿಂಗ್ ಅಂಗಡಿಗೆ ಹೊರಡಬೇಕು.

“ಸುಮ್ಕ ಕೂತಿದ್ರೂ ಇದು ಒಸಿ ಒಸಿ ಕರಗ್ತಾ ಇರ್ತದ ಕಣಮ್ಮಿ,” ಎನ್ನುತ್ತಿದ್ದ ಅಪ್ಪ. “ಓಡ್ಸಿದ್ರ ತುಂಬ್ಕತದ, ನಿಲ್ಸುದ್ರ ಸೊರಗ್ತದ. ನಿಂತಿರೋವಾಗ್ಲೇ ಚೆನ್ನಾಗ್ ನೋಡ್ಕಬೇಕು.”

ನನ್ನ ಶಾಲೆಯ ಲಂಗದ ತುಂಬ ಆಸಿಡ್ ಸಿಡಿದ ಸಣ್ಣ ಸಣ್ಣ ತೂತು. ಕೈಯನ್ನು ಎಷ್ಟು ತೊಳೆದರೂ ಮುದ್ದೆ ಮುರಿಯುವಾಗ ಒಂದು ಹುಳಿ ವಾಸನೆ ಮೂಗಿಗೆ ಬರುತ್ತಿತ್ತು. ಅವ್ವ ತೂತುಗಳನ್ನು ಹೊಲಿಯುತ್ತ ಅಪ್ಪನನ್ನು ರೇಗಿಸುತ್ತಿದ್ದಳು: “ನಿಮ್ ಮಗಳ್ಗ ಗಂಡು ಸಿಕ್ಕಲ್ಲ. ಆ ಬ್ಯಾಟ್ರಿಗೇ ಕೊಟ್ಟು ಮದ್ವ ಮಾಡ್ಬುಡಿ.”

ಆಚೆಹುಂಡಿಯಿಂದ ದಿನಾ ದೋಣಿಯಲ್ಲಿ ಶಾಲೆಗೆ ಬರುತ್ತಿದ್ದವರಲ್ಲಿ ಚೆಲುವಿ ನನ್ನ ಕ್ಲಾಸಿನವಳು. ಅವಳ ಅವ್ವ ಸಿದ್ದಮ್ಮ ಈಚೆ ದಡದ ಅರಿಶಿನದ ಹೊಲಗಳಿಗೆ ಕೂಲಿಗೆ ಬರುತ್ತಿದ್ದಳು. ತಾಯಿ ಮಗಳು ಇಬ್ಬರದೂ ಬೆಳಗಿನ ಮೊದಲ ದೋಣಿ. ಚೆಲುವಿ ಸಂಚಿಯಲ್ಲಿ ಹುರಿದ ಅವರೆಕಾಳು ತರುತ್ತಿದ್ದಳು. ನನಗೆ ಎಣಿಸಿ ಕೊಡುತ್ತಿದ್ದಳು, ತಾನು ಎಣಿಸದೆ ತಿನ್ನುತ್ತಿದ್ದಳು. ಎಂಜಿನ್ನಿನ ಸೆಲ್ಫ್ ಬಟನ್ ಒತ್ತುವುದಕ್ಕೆ ನಮ್ಮಿಬ್ಬರಿಗೂ ದಿನಾ ಜಗಳ. ಸಂಜೆ ಶಾಲೆ ಬಿಟ್ಟಮೇಲೆ ಅವಳು, ಭಾನುವಾರ ನಾನು ಎಂದು ಅಪ್ಪನೇ ತೀರ್ಮಾನ ಮಾಡಿದ್ದ. ಬಟನ್ ಒತ್ತಿ ಎಂಜಿನ್ ಡಬಡಬ ಎಂದು ಎದ್ದರೆ ಅವಳು “ನನ್ನ ಕೈ ನೋಡ್ದಾ!” ಎಂದು ಹೆಬ್ಬೆರಳು ತೋರಿಸುತ್ತಿದ್ದಳು. ವಾರವಿಡೀ ಬ್ಯಾಟರಿ ತಿಕ್ಕಿದವಳು ನಾನು, ಮೆರೆಯುವವಳು ಅವಳು ಎಂದು ನನಗೆ ಹೊಟ್ಟೆಯುರಿ.

ಆ ವರ್ಷ ಕಾರ್ತಿಕದಲ್ಲಿ ಅವ್ವ ಸತ್ತಳು. ನಾಲ್ಕು ದಿನದ ಜ್ವರ, ಅಷ್ಟೇ. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಇವತ್ತಿಗೂ ಆಗುವುದಿಲ್ಲ.

ತೆರಕಣಾಂಬಿಯಿಂದ ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ಬಂದು ಮನೆ ವಹಿಸಿಕೊಂಡಳು. ಅವ್ವ ಜೀವ ಬಿಟ್ಟ ಜಾಗದಲ್ಲಿ ರಾಗಿಯ ಮೇಲೆ ಒಂದು ಎಣ್ಣೆ ದೀಪ ಹಚ್ಚಿಟ್ಟು, ಮೇಲೆ ಬಿದಿರಿನ ಮಂಕರಿ ಕವುಚಿದಳು. ಹನ್ನೊಂದು ದಿನ ಆ ದೀಪ ಆರಬಾರದು. ಹೋದವರು ಅಲ್ಲಿಯವರೆಗೆ ಮನೆಯ ಸುತ್ತಲೇ ಇರುತ್ತಾರೆ, ಬೆಳಕು ನೋಡಿಕೊಂಡು ಒಳಗೆ ಬರುತ್ತಾರೆ ಎಂಬ ನಂಬಿಕೆ ನಮ್ಮ ಕಡೆ. ಎಣ್ಣೆ ಹಾಕುವ ಕೆಲಸವನ್ನು ದೊಡ್ಡತ್ತೆ ನನಗೇ ಒಪ್ಪಿಸಿದಳು.

“ದೀಪ ಆರ್ಬುಟ್ರ ನಿಮ್ಮವ್ವ ದಾರಿ ತಪ್ಪೋಯ್ತಳ ಕಣಮ್ಮಿ. ಆಮೇಲ ಎಲ್ಲಿ ಅಂತ ಹುಡ್ಕೀಯೆ?” ಎಂದಳು.

ಹೆದರಿಸಬೇಕೆಂದು ಆಡಿದ ಮಾತಲ್ಲ ಅದು. ಅವಳಿಗೆ ಯಾರು ಹೇಳಿದ್ದರೋ, ಹಾಗೆಯೇ ನನಗೆ ಹೇಳಿದಳು. ನನ್ನ ಹೊಟ್ಟೆಯೊಳಗೆ ಮಾತ್ರ ಆ ಮಾತು ಇಳಿದು ಕೂತುಬಿಟ್ಟಿತು.

ಸೂತಕ ಕಳೆಯುವವರೆಗೆ ಅಪ್ಪ ದೋಣಿ ಮುಟ್ಟುವಂತಿರಲಿಲ್ಲ. ಸಾವಿನ ಮನೆಯವನು ದೋಣಿ ಇಳಿಸಿದರೆ ಗಂಗಮ್ಮ ಮುನಿಯುತ್ತಾಳೆ ಎಂದು ಎರಡೂ ದಡದವರು ನಂಬಿದ್ದರು. ನಡೆಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ಊರಿನವರೇ ದೋಣಿಯನ್ನು ದಡಕ್ಕೆ ಎಳೆದು ಕಟ್ಟಿ, ಕಳ್ಳರ ಭಯಕ್ಕೆ ಬ್ಯಾಟರಿಯನ್ನು ಮನೆಗೆ ತಂದು ದೀಪದ ಮೂಲೆಯಲ್ಲಿದ್ದ ರಾಗಿ ಡ್ರಮ್ಮಿನ ಹಿಂದೆ ಇಟ್ಟರು. ಆಚೆಹುಂಡಿಯ ಮಕ್ಕಳಿಗೆ ಶಾಲೆಯಿಲ್ಲ, ದೊಡ್ಡವರಿಗೆ ಕೂಲಿಯಿಲ್ಲ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಸಾವು ಎಲ್ಲರ ಮನೆಗೂ ಬರುವಂಥದ್ದು.

ಮೂರನೇ ದಿನದ ಸಾಯಂಕಾಲ ಕಾಡಿನ ಕಡೆಯಿಂದ ಗಾಳಿಮಳೆ ಬಂತು. ಎಲ್ಲೋ ಕಂಬ ಬಿದ್ದು ಕರೆಂಟು ಹೋಯಿತು. ನಾನು ಹಿತ್ತಿಲಿನಿಂದ ಸೌದೆ ಎತ್ತಿಹಾಕಿ ಒಳಗೆ ಬಂದು ನೋಡುತ್ತೇನೆ, ಮಂಕರಿಯ ಸಂದುಗಳಲ್ಲಿ ಬೆಳಕಿಲ್ಲ. ಎತ್ತಿದೆ. ಬತ್ತಿಯಿಂದ ಹೊಗೆಯೂ ಬರುತ್ತಿರಲಿಲ್ಲ. ಆರಿ ಬಹಳ ಹೊತ್ತಾಗಿತ್ತು. ಮತ್ತೆ ಹಚ್ಚಿದೆ. ಯಾರಿಗೂ ಹೇಳಲಿಲ್ಲ. ಆದರೆ ಅಷ್ಟು ಹೊತ್ತು ಕತ್ತಲಿತ್ತಲ್ಲ, ಅವ್ವ ಅದೇ ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತು ವಾಪಸ್ಸು ಹೋಗಿದ್ದರೆ? ಮಳೆಯಲ್ಲಿ ಎಲ್ಲಿಗೆ ಹೋಗಿರುತ್ತಾಳೆ? ಹೊರಗೆ ಬಾಳೆಯೆಲೆ ಪಟಪಟ ಎಂದಾಗಲೆಲ್ಲ ನನಗೆ ಅವಳ ಸೀರೆಯ ಸದ್ದು ಕೇಳಿಸುತ್ತಿತ್ತು.

ಮಾರನೆಯ ಬೆಳಿಗ್ಗೆ ಅಪ್ಪನ ಸಾಮಾನಿನ ಡಬ್ಬಿಯಲ್ಲಿ ಒಂದು ಮೋಟಾರ್ ಬೈಕಿನ ಸಣ್ಣ ಬಲ್ಬು, ಎರಡು ತುಂಡು ವೈರು, ಹಲ್ಲಿರುವ ಎರಡು ಕ್ಲಿಪ್ಪು ಸಿಕ್ಕವು. ಅಪ್ಪ ದೋಣಿಯ ವೈರಿಂಗ್ ನೋಡಲು ಬಳಸುತ್ತಿದ್ದವು. ಬಲ್ಬನ್ನು ಮಂಕರಿಯೊಳಗೆ ದೀಪದ ಪಕ್ಕ ಇಟ್ಟು, ವೈರನ್ನು ಡ್ರಮ್ಮಿನ ಹಿಂದೆ ಎಳೆದು, ಕ್ಲಿಪ್ಪುಗಳನ್ನು ಬ್ಯಾಟರಿಗೆ ಕಚ್ಚಿಸಿದೆ. ಗಾಳಿಗೆ ಆರದ ಬೆಳಕು. ಎಣ್ಣೆ ದೀಪ ಆರಿದರೂ ಅವ್ವನಿಗೆ ದಾರಿ ಕಾಣುತ್ತದೆ. ಬುದ್ಧಿವಂತಿಕೆಯ ಕೆಲಸ ಮಾಡಿದೆ ಎಂದು ನನಗೆ ಹೆಮ್ಮೆಯೂ ಆಯಿತು.

ದೊಡ್ಡತ್ತೆಯ ಕಣ್ಣು ಮಂಜು. “ನೋಡ್ಲಾ ಮಾದ, ನಿನ್ ಮಗಳು ಕಾಯ್ತಿರೋ ದೀಪ ಎಷ್ಟ್ ಚೆಂದಾಗಿ ನಿಂತದ,” ಎಂದು ಅಪ್ಪನಿಗೆ ತೋರಿಸಿದಳು. ಅಪ್ಪ ಆ ಮೂಲೆಯ ಕಡೆ ಮುಖ ತಿರುಗಿಸಲೇ ಇಲ್ಲ. ಅವ್ವ ಸತ್ತಮೇಲೆ ಅವನು ಆ ಕಡೆ ನೋಡುತ್ತಲೇ ಇರಲಿಲ್ಲ.

ಹಗಲೂ ರಾತ್ರಿ ಬಲ್ಬು ಉರಿಯಿತು. ಆರನೇ ದಿನ ಗಾಜಿನ ಕೊಳವೆ ಇಟ್ಟು ನೋಡಿದೆ, ಕಡ್ಡಿ ಬಿಳಿಗೆ ನಿಂತಿತು. ಎಂಟನೇ ದಿನ ನೋಡಿದೆ, ಕೆಂಪು. ಬಲ್ಬಿನ ಬೆಳಕೂ ಹಳದಿಯಾಗಿ ಸೊರಗಿತ್ತು. ಇಲ್ಲಿ ಸುಳ್ಳು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ: ನನಗೆ ಗೊತ್ತಿತ್ತು. ಕೆಂಪೆಂದರೆ ಏನು ಎಂದು ಊರಿನ ಯಾವ ಮಗುವಿಗೂ ಗೊತ್ತಿಲ್ಲದಷ್ಟು ಚೆನ್ನಾಗಿ ಗೊತ್ತಿತ್ತು. ಅಪ್ಪನಿಗೆ ಹೇಳಿದರೆ ಬಲ್ಬು ಕೀಳುತ್ತಾನೆ. ದೋಣಿ ಹೇಗೂ ಹನ್ನೊಂದು ಕಳೆಯದೆ ಹೊರಡುವುದಿಲ್ಲ. ಹನ್ನೆರಡನೇ ದಿನ ಬೆಳಿಗ್ಗೆಯೇ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಒಯ್ಯೋಣ ಅಂದರಾಯಿತು. ಇನ್ನು ಮೂರೇ ದಿನ. ಕ್ಲಿಪ್ಪನ್ನು ಹಾಗೆಯೇ ಬಿಟ್ಟೆ.

ಒಂಬತ್ತನೇ ದಿನ ಬೆಳಿಗ್ಗೆ, ಇನ್ನೂ ನೀರಿನ ಮೇಲೆ ಮಂಜು ಇತ್ತು, ಆಚೆ ದಡದಿಂದ ಕೂಗು ಬಂತು. ಮೊದಲು ಒಬ್ಬರು, ಆಮೇಲೆ ಊರಿಗೆ ಊರೇ. ಬಟ್ಟೆ ಬೀಸುತ್ತಿದ್ದರು. ಗಾಳಿ ಈ ಕಡೆಗೆ ತಿರುಗಿದಾಗ ಮಾತು ಕೇಳಿಸಿತು: “ಮಾದಪ್ಪೋ... ಕೂಸ್ಗ ಹಾವು ಕಚ್ಬುಟ್ಟದ... ದೋಣಿ ತತ್ತಾ...”

ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದ ಅಪ್ಪ ಎದ್ದು ನಿಂತ.

“ಬ್ಯಾಡ ಕಣ್ಲಾ,” ಎಂದಳು ದೊಡ್ಡತ್ತೆ. “ಸೂತಕ ಅದ. ಗಂಗಮ್ಮ ಸುಮ್ಕಿರಾಕಿಲ್ಲ.”

“ಗಂಗಮ್ಮಂಗೂ ಮಕ್ಳವ ಬುಡಕ್ಕ,” ಎಂದ ಅಪ್ಪ. ಒಳಗೆ ಹೋಗಿ ಡ್ರಮ್ಮು ಸರಿಸಿದ.

ನಾನು ಅವನ ಹಿಂದೆಯೇ ಇದ್ದೆ. ಕ್ಲಿಪ್ಪು, ವೈರು, ಮಂಕರಿಯ ಸಂದಿನಲ್ಲಿ ಕೆಂಡದ ಹಾಗೆ ಉಳಿದಿದ್ದ ಬಲ್ಬು, ಎಲ್ಲವೂ ಅವನ ಕಣ್ಣಿಗೆ ಬಿದ್ದವು. ಕ್ಲಿಪ್ಪುಗಳನ್ನು ಕಿತ್ತ. ನನ್ನ ಮುಖ ನೋಡಿದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಬ್ಯಾಟರಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಓಡಿದ. ನಾನೂ ಓಡಿದೆ.

ದಡದಲ್ಲಿ ಊರಿನವರು ಸೇರಿದ್ದರು. ಅಪ್ಪ ತಂತಿ ಸಿಕ್ಕಿಸಿ ಬಟನ್ ಒತ್ತಿದ. ಟಕ್. ಅಷ್ಟೇ. ಮತ್ತೆ ಒತ್ತಿದ. ಟಕ್. ಮೂರನೇ ಸಲ ಆ ಸದ್ದೂ ಬರಲಿಲ್ಲ. ಆಚೆಯ ದಡದ ಕೂಗು ನಿಂತಿತು; ಎಂಜಿನ್ ಸದ್ದಿಗೆ ಅವರು ಕಿವಿಗೊಟ್ಟು ಕಾಯುತ್ತಿದ್ದರು.

“ಯಾನಾಯ್ತಲಾ ಮಾದ?” ಎಂದು ಯಾರೋ ಕೇಳಿದರು. ಬ್ಯಾಟರಿಯ ಮೇಲೆ ವ್ಯಾಸಲೀನಿನಲ್ಲಿ ಕ್ಲಿಪ್ಪಿನ ಹಲ್ಲಿನ ಗುರುತು ಇನ್ನೂ ಇತ್ತು. ಅಪ್ಪ ಹೆಬ್ಬೆರಳಿನಿಂದ ಅದನ್ನು ಉಜ್ಜಿಬಿಟ್ಟ.

“ಬ್ಯಾಟ್ರಿ ಸತ್ತೋಗದ. ನಾ ನೋಡ್ಕನಿಲ್ಲ,” ಎಂದ.

ಊರಿನಲ್ಲಿದ್ದ ಒಂದೇ ಟ್ರ್ಯಾಕ್ಟರು ಈರುಳ್ಳಿ ತುಂಬಿಕೊಂಡು ಹಿಂದಿನ ದಿನವೇ ಗುಂಡ್ಲುಪೇಟೆಗೆ ಹೋಗಿತ್ತು. ಬೇರೆ ಬ್ಯಾಟರಿ ಇರಲಿಲ್ಲ. ಅಪ್ಪ ಉದ್ದನೆಯ ಬಿದಿರಿನ ಗಳ ತೆಗೆದುಕೊಂಡ, ಇನ್ನಿಬ್ಬರು ಹತ್ತಿದರು. ಎಂಜಿನ್ ಇದ್ದರೆ ಹತ್ತು ನಿಮಿಷದ ನೀರು ಅದು. ಎದುರುಗಾಳಿಗೆ ಗಳ ಊರಿಕೊಂಡು, ಆಳ ಬಂದಲ್ಲಿ ಹಲಗೆಯಿಂದ ನೀರು ಬಗೆದುಕೊಂಡು ಅವರು ಹೋಗಿ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರತೊಡಗಿತ್ತು. ಬಂದ ದೋಣಿಯಲ್ಲಿ ಸಿದ್ದಮ್ಮನ ತೊಡೆಯ ಮೇಲೆ ಮಲಗಿದ್ದವಳು ಚೆಲುವಿ. ಹುರುಳಿ ಮೆದೆಯಿಂದ ಕಂತೆ ಎಳೆಯಲು ಕೈ ಹಾಕಿದ್ದಳಂತೆ. ಕಣ್ಣು ತೆರೆದೇ ಇತ್ತು. ನನ್ನನ್ನು ನೋಡಿದಳೋ, ನನ್ನಾಚೆಗೆ ನೋಡಿದಳೋ ತಿಳಿಯಲಿಲ್ಲ. ಅಷ್ಟರಲ್ಲಿ ಗುಂಡ್ಲುಪೇಟೆ ಕಡೆಯಿಂದ ಕರೆಸಿದ್ದ ಟೆಂಪೋದಲ್ಲಿ ಎತ್ತಿ ಮಲಗಿಸುವಾಗ ಅವಳ ಬಲಗೈ ಊದಿ ಹೆಬ್ಬೆರಳು ಗುರುತೇ ಸಿಗದ ಹಾಗಾಗಿತ್ತು.

ಗುಂಡ್ಲುಪೇಟೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಸಂಜೆ ಅಪ್ಪ ವಾಪಸ್ಸು ಬಂದ. ಅಂಗೈಯ ಚರ್ಮ ಗಳಕ್ಕೆ ಸುಲಿದುಹೋಗಿತ್ತು. ಹಿತ್ತಿಲಿನ ಕಲ್ಲಿನ ಮೇಲೆ ಕೂತು ನನ್ನನ್ನು ಕರೆದ. ನಾನು ಅಳುತ್ತ “ಅವ್ವ ದಾರಿ ತಪ್ಪೋಯ್ತಳೆ ಅಂತ...” ಎಂದೆ.

“ಗೊತ್ತು ಕಣಮ್ಮಿ,” ಎಂದ. “ಈ ಮಾತ ನೀನು ಯಾರ್ಗೂ ಏಳ್ಬ್ಯಾಡ. ನೀನು ಬೆಳೀಬೇಕಾದವ್ಳು, ಈ ಜನದ ನಡೂವೆ ಬಾಳ್ಬೇಕಾದವ್ಳು. ಇದ ನಂಗ ಬುಟ್ಬುಡು,” ಎಂದ.

ನಾನು ಬಿಟ್ಟುಬಿಟ್ಟೆ. ಹತ್ತು ವರ್ಷದ ಮಗುವಿಗೆ ಅದು ಎಷ್ಟು ಹಗುರವಾಗಿ ಕಂಡಿತೆಂದರೆ, ಆ ದಿನ ಮುದ್ದೆಯನ್ನೂ ಉಂಡೆ.

ಹತ್ತನೇ ದಿನ ದೊಡ್ಡತ್ತೆ ದೀಪದ ಸುತ್ತ ಬೂದಿಯನ್ನು ಜರಡಿ ಹಿಡಿದು ನುಣ್ಣಗೆ ಹರಡಿದಳು. ಹೋದವರು ಬಂದಿದ್ದರೆ ಬೆಳಿಗ್ಗೆಗೆ ಅದರಲ್ಲಿ ಹೆಜ್ಜೆ ಮೂಡಿರುತ್ತದೆ. ಹನ್ನೊಂದನೇ ಬೆಳಿಗ್ಗೆ ಮಂಕರಿ ಎತ್ತಿ, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, “ಬಂದಿದ್ಲು ಕಣ್ಲಾ ಮಾದ! ನೋಡು, ಕಾಲ್ಬೆಟ್ಟು ಮೂಡವ,” ಎಂದು ಅತ್ತಳು. ನಾನೂ ನೋಡಿದೆ. ಗೆರೆಯೋ, ಇಲಿ ಓಡಿದ್ದೋ, ಏನೋ ಒಂದು ಗುರುತು ನಿಜವಾಗಿ ಇತ್ತು. ನಮ್ಮವ್ವನದು ಅಗಲ ಪಾದ. ಬೂದಿಯಲ್ಲಿದ್ದದ್ದು ಸಣ್ಣದು, ನನ್ನ ಅಳತೆಯದು. ಬಂದವಳು ಅವ್ವ ಅಲ್ಲ ಎಂದು ನನಗೆ ಆ ಕ್ಷಣವೇ ಖಾತ್ರಿಯಾಯಿತು. ಇಂದು ಕೂಡ ಆ ಖಾತ್ರಿ ಹೋಗಿಲ್ಲ.

ಪಂಚಾಯ್ತಿ ಕಟ್ಟೆಯಲ್ಲಿ ಜನ ಸೇರಿದಾಗ ಅಪ್ಪ ಎಲ್ಲರ ಮುಂದೆ ನಿಂತು, ಹೆಂಡತಿ ಸತ್ತ ದುಃಖದಲ್ಲಿ ಬ್ಯಾಟರಿ ಕಡೆ ಗಮನ ಕೊಡಲಿಲ್ಲ, ತಪ್ಪು ತನ್ನದೇ ಎಂದು ಸಿದ್ದಮ್ಮನ ಕಾಲಿಗೆ ಬಿದ್ದ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ದೋಣಿಯನ್ನು ಬೇರೆಯವನಿಗೆ ಕಲಿಸಿ ಕೊಟ್ಟರು. ಅಪ್ಪ ಗುಂಡ್ಲುಪೇಟೆಯ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರುವುದಕ್ಕೆ ಸೇರಿದ. ನೀರಿನ ಮೇಲಿದ್ದಾಗ ಹಾಡು ಗುನುಗುತ್ತಿದ್ದವನು ಆಮೇಲೆ ಗುನುಗಿದ್ದನ್ನು ನಾನು ಕೇಳಲಿಲ್ಲ. ದಾರಿಯಲ್ಲಿ ಸಿದ್ದಮ್ಮ ಎದುರಾದರೆ ಅವಳು ಮುಖ ತಿರುಗಿಸುತ್ತಿದ್ದಳು, ಅಪ್ಪ ಪಕ್ಕಕ್ಕೆ ಸರಿದು ತಲೆ ಬಗ್ಗಿಸಿ ನಿಲ್ಲುತ್ತಿದ್ದ. ನಾನು ಅವನ ಕೈ ಹಿಡಿದುಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದೆ.

ಹೇಳಬೇಕೆಂದು ಎಷ್ಟು ಸಲ ಅಂದುಕೊಂಡೆ. ಹೈಸ್ಕೂಲಿಗೆ ಹೋದಾಗ ಅಂದುಕೊಂಡೆ. ಚಾಮರಾಜನಗರದಲ್ಲಿ ಕೆಲಸ ಸಿಕ್ಕಿದಾಗ ಅಂದುಕೊಂಡೆ. ಮದುವೆಯ ಕರೆಯೋಲೆ ಹಿಡಿದು ಆಚೆಹುಂಡಿಯ ಮನೆ ಮನೆಗೂ ಹೋಗಿ, ಅವಳ ಬಾಗಿಲನ್ನು ಮಾತ್ರ ಬಿಟ್ಟು ಬಂದೆ. ಪ್ರತಿ ಸಲವೂ ಅಪ್ಪನೇ ಬೇಡ ಅಂದಿದ್ದಾನಲ್ಲ ಎಂಬ ಮಾತು ನನ್ನ ನೆರವಿಗೆ ಬರುತ್ತಿತ್ತು. ಅವನ ಮಾತು ನಡೆಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ನಿಜವಾಗಿ ಹೆದರಿಕೆಯಾಗಿತ್ತು.

ಈಗ ಹಿನ್ನೀರಿನ ಮೇಲೆ ಸೇತುವೆ ಇದೆ. ಆಚೆಹುಂಡಿಯ ಹುಡುಗರು ಬೈಕಿನಲ್ಲಿ ಎರಡು ನಿಮಿಷಕ್ಕೆ ದಾಟುತ್ತಾರೆ, ನೀರು ದಾಟಿದ್ದೇ ಅವರಿಗೆ ಗೊತ್ತಾಗುವುದಿಲ್ಲ. ದೋಣಿಯ ತಗಡನ್ನು ಗುಜರಿಯವನು ಒಯ್ದ. ದೊಡ್ಡತ್ತೆ ಇಲ್ಲ. ಅಪ್ಪ ಹೋದ ವರ್ಷ ತೀರಿಕೊಂಡ. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಪಕ್ಕ ಕೂತು “ಸಿದ್ದಮ್ಮಂಗ ಏಳ್ಬುಡ್ತಿನಿ ಕಣಪ್ಪ” ಎಂದಿದ್ದೆ. ಅವನು ಬೇಡವೆಂದು ತಲೆಯನ್ನು ಆಚೆ ಈಚೆ ಆಡಿಸಿದ.

ಅವನು ಹೋದ ಎರಡು ತಿಂಗಳಿಗೆ ತೆರಕಣಾಂಬಿಯಲ್ಲಿ ಬಸ್ಸು ಹತ್ತಿದೆ. ಖಾಲಿಯಿದ್ದ ಒಂದೇ ಸೀಟಿನ ಪಕ್ಕದಲ್ಲಿ ಕೂತಿದ್ದ ಮುದುಕಿ ಸಿದ್ದಮ್ಮ. ನಾನು ಕೂರಲೋ ಬೇಡವೋ ಎನ್ನುವಷ್ಟರಲ್ಲಿ ಅವಳೇ ಸರಿದು ಜಾಗ ಕೊಟ್ಟಳು. ಕಿಟಕಿಯ ಹೊರಗೆ ಚೆಂಡುಹೂವಿನ ಹೊಲಗಳು ಹಿಂದೆ ಹೋಗುತ್ತಿದ್ದವು.

“ನಿಮ್ಮಪ್ಪ ಓಗ್ಬುಟ್ನಂತಲ್ಲವ್ವ,” ಎಂದಳು.

“ಊ ದೊಡ್ಡವ್ವ.”

“ಬಾಳ ದಿನ ಅವನ ಮ್ಯಾಲ ಹಲ್ಲು ಕಡ್ದೆ ಕಣವ್ವ. ಎಂಡ್ತಿ ಸತ್ತಿದ್ಲು, ಅವನ್ಗೂ ತಲ ಎಲ್ಲಿತ್ತೋ ಯಾನೋ. ನನ್ನ ಮಗಳ್ಗೆ ಅಷ್ಟೇ ಬರ್ದಿತ್ತು.” ಸೆರಗಿನಿಂದ ಮೂಗು ಒರೆಸಿಕೊಂಡು, ಒರಟು ಕೈಯಿಂದ ನನ್ನ ಕೈ ಹಿಡಿದಳು. “ನಂಗೀಗ ಅವನ ಮ್ಯಾಲ ಕ್ವಾಪ ಇಲ್ಲ. ಅವನ್ನ ನಾನು ಮನ್ನಿಸ್ಬುಟ್ಟಿದಿನಿ. ನೀನು ಅವನ ಮಗಳು, ನಿಂಗಾದ್ರೂ ತಿಳೀಲಿ ಅಂತ ಏಳ್ದೆ.”

ಬಾಯಿ ತೆರೆದೆ. ಮೂವತ್ತು ವರ್ಷ ಹೊತ್ತ ಮಾತು ನಾಲಿಗೆಯ ತುದಿಯಲ್ಲಿತ್ತು. ಅಪ್ಪನ ಹೆಸರು ಮತ್ತೆ ಶುದ್ಧವಾಗುವುದಕ್ಕೆ ಒಂದೇ ಒಂದು ವಾಕ್ಯ ಸಾಕಿತ್ತು. ಅದನ್ನು ಹೇಳಬಲ್ಲವರು ಈ ಭೂಮಿಯ ಮೇಲೆ ನಾನೊಬ್ಬಳೇ, ಕೇಳಬೇಕಾದವಳು ನನ್ನ ಕೈ ಹಿಡಿದು ಕೂತಿದ್ದಳು.

“ಒಳ್ಳೇದಾಯ್ತು ದೊಡ್ಡವ್ವ,” ಎಂದೆ.

ಅವಳು ಸಮಾಧಾನವಾಗಿ ತಲೆಯಾಡಿಸಿದಳು. ತನ್ನ ಸ್ಟಾಪ್ ಬಂದಾಗ ನನ್ನ ತಲೆ ಸವರಿ ಇಳಿದು ಹೋದಳು. ಈಗ ಮೂರು ವಾರದ ಹಿಂದೆ ಅವಳೂ ಹೋದಳೆಂದು ಊರಿನಿಂದ ಫೋನ್ ಬಂತು. ಅಪ್ಪನಿಗೆಂದು ಅವಳು ಕೊಟ್ಟ ಕ್ಷಮೆಯನ್ನು ಆ ದಿನ ಬಸ್ಸಿನಲ್ಲಿ ನಾನು ತೆಗೆದುಕೊಂಡುಬಿಟ್ಟೆ. ಅದನ್ನು ಹಿಂದಿರುಗಿಸುವುದಕ್ಕೆ ಈಗ ಯಾರೂ ಉಳಿದಿಲ್ಲ.